ಎಡಗಡೆ ಇಟ್ಟ ಚಮಚ

ನಿಮ್ಮ ಮನೆಯ ಮಗು ಎಡಗೈಯಲ್ಲಿ ತುತ್ತೆತ್ತಿದ ದಿನ, ಆ ಪುಟ್ಟ ಕೈಗೆ ನೀವು ಎಷ್ಟು ಏಟು ಕೊಟ್ಟಿರಿ? ನೆನಪಿಲ್ಲವೇ? ಕೊಟ್ಟವರಿಗೆ ಮರೆಯುತ್ತದೆ, ತಿಂದವರಿಗೆ ಮರೆಯುವುದಿಲ್ಲ.

ಮೊಳಕಾಲ್ಮೂರಿನ ಸೌಂದರ್ಯ ಎಂಬ ಹುಡುಗಿ ಮರೆತಿರಲಿಲ್ಲ.

ಆ ಭಾನುವಾರ ಮಧ್ಯಾಹ್ನ, ಚಳ್ಳಕೆರೆಯ ಹೊರಗೆ ಹೆದ್ದಾರಿಯ ಪಕ್ಕದ ಹೋಟೆಲಿನ ಗಾಜಿನ ಬಾಗಿಲ ಮುಂದೆ ಅಪ್ಪ ಅವ್ವನೊಂದಿಗೆ ನಿಂತಾಗ, ಇಪ್ಪತ್ತಾರು ವರ್ಷದ ಅವಳ ಎಡಗೈ ಸೆರಗಿನೊಳಗೆ ಅಡಗಿ ಕುಳಿತಿತ್ತು.

ಬಾಗಿಲು ತೆರೆದವನು ಪ್ರಭು. ಮೂರು ವಾರದಿಂದ ಫೋನಿನಲ್ಲಿ ಮಾತ್ರ ಕೇಳಿದ್ದ ದನಿಗೆ ಇಂದು ಮುಖ ಬಂದಿತ್ತು. ಬಿಳಿ ಅಂಗಿ ತೊಟ್ಟ ಆ ಬಾಣಸಿಗ, ಕೊರಿಯಾದವರ ಪದ್ಧತಿಯಂತೆ ಎರಡೂ ಕೈಯಲ್ಲಿ, ಕೈ ಒರೆಸಿಕೊಳ್ಳಲು ಒಂದು ಬಿಸಿ ಒದ್ದೆ ಬಟ್ಟೆಯನ್ನು ಅವಳತ್ತ ಚಾಚಿದ.

ಅವಳ ಎಡಗೈ ತಾನಾಗಿ ಮುಂದೆ ಹಾರಿತು. ಬೆಂಕಿ ಮುಟ್ಟಿದವಳಂತೆ ಅದನ್ನು ಹಿಂದಕ್ಕೆಳೆದು, ಬಲಗೈ ಚಾಚಿದಳು.

"ಕೈ ಸುಟ್ಟಿತಾ?" ಎಂದ ಗಾಬರಿಯಿಂದ.

"ಇಲ್ಲ ರೀ…"

ಅವನ ಕಣ್ಣು ಅವಳ ಮುಖದಲ್ಲೇ ನಿಂತಿತು. ಅವಳ ಎದೆ ಬಡಿದುಕೊಂಡಿತು. ಪ್ರೀತಿಯಿಂದಲೋ, ಭಯದಿಂದಲೋ ಅವಳಿಗೇ ತಿಳಿಯಲಿಲ್ಲ.

ಪ್ರಭು ಪುದುಚೇರಿಯಲ್ಲಿ ಫ್ರೆಂಚ್ ಅಡುಗೆ ಕಲಿತವನು. ಆಂಧ್ರದ ಗಡಿಯಾಚೆಯ ಕಾರು ಕಾರ್ಖಾನೆಗೆ ಬಂದಿದ್ದ ಒಬ್ಬ ಕೊರಿಯನ್ ಹಿರಿಯಾಕೆಯಿಂದ ಅವರ ಅಡುಗೆಯನ್ನೂ ಕಲಿತು, ಎರಡನ್ನೂ ಬೆರೆಸಿ ಈ ಹೋಟೆಲು ಕಟ್ಟಿದ್ದ. ಇಂದು ತನ್ನ ತಾಯಿ ಕೊಟ್ರಮ್ಮನಿಗೆ ಹುಡುಗಿಯನ್ನು ತೋರಿಸಲು, ಪೂರ್ತಿ ಸಸ್ಯಾಹಾರದ ಊಟ ಸಿದ್ಧಪಡಿಸಿದ್ದ.

ಬಸ್ಸಿನಲ್ಲಿ ಅವ್ವ ತಿಪ್ಪೇರುದ್ರಮ್ಮ ಮಗಳ ಕಿವಿಯಲ್ಲಿ ಹೇಳಿದ್ದಿಷ್ಟೇ: "ಬಲಗೈಲೇ ಉಣ್ಣು. ಆಗದಿದ್ರೆ ಉಣ್ಣಲೇಬ್ಯಾಡ. ಹೊಟ್ಟೆ ನೋವು ಅನ್ನು."

ಕಾರಣವಿತ್ತು. ಹೋದ ವರ್ಷ ತಳಕು ಊರಿನಿಂದ ಹೆಣ್ಣು ನೋಡಲು ಬಂದವರಿಗೆ ಸೌಂದರ್ಯ ಮೈಮರೆತು ಎಡಗೈಯಲ್ಲಿ ತುಪ್ಪ ಬಡಿಸಿದ್ದಳು. ಅವರು ಎಲೆ ಮಡಚಿ ಎದ್ದುಹೋದರು. ಎಡಚಿ ಮನೆಗೆ ಆಗಿಬರುವುದಿಲ್ಲವಂತೆ. ಆದರೆ ಅವರ ಮನೆಯ ಹೆಂಗಸು ಅಂದು ಉಟ್ಟುಬಂದಿದ್ದ ಮೊಳಕಾಲ್ಮೂರು ರೇಷ್ಮೆ ಸೀರೆಯಿತ್ತಲ್ಲ, ಅದರ ಸೆರಗಿನ ನವಿಲನ್ನು ಚೌಕುಳಿ ಕಾಗದದ ಮೇಲೆ ನೇಕಾರರಿಗೆ ಬರೆದುಕೊಟ್ಟವಳು ಸೌಂದರ್ಯ. ಬರೆದದ್ದು ಅದೇ ಎಡಗೈ. ಆ ಕೈ ಬಿಡಿಸಿದ ನವಿಲನ್ನು ಹೆಗಲ ಮೇಲೆ ಹೊರಬಹುದು, ಅದು ಬಡಿಸಿದ ತುಪ್ಪವನ್ನು ಮಾತ್ರ ಉಣ್ಣಬಾರದು! ಇದು ಯಾವ ಧರ್ಮ?

ಎಲ್ಲರೂ ಮೇಜಿಗೆ ಕುಳಿತರು. ಫೋರ್ಕು, ಚಾಕು, ಚಮಚ, ಕೊರಿಯಾದವರು ಉಣ್ಣಲು ಬಳಸುವ ಎರಡು ಕಡ್ಡಿಗಳು ಸಾಲಾಗಿ ಹೊಳೆಯುತ್ತಿದ್ದವು.

"ಇದೇನೋ ಪ್ರಭು," ಎಂದಳು ಕೊಟ್ರಮ್ಮ, "ಉಣ್ಣಾಕೆ ಕರೆದೆಯೋ, ಗುದ್ದಲಿ ಪಿಕಾಸಿ ಕೊಟ್ಟು ಕೆಲಸಕ್ಕೆ ಹಚ್ತೀಯೋ?"

ಸೌಂದರ್ಯಳ ತಂದೆ ಕಲ್ಲೇಶಪ್ಪ ಮನಸಾರೆ ನಕ್ಕರು. ಸೌಂದರ್ಯ ನಗಲಿಲ್ಲ. ಎಡಗೈಯನ್ನು ತೊಡೆಯ ಕೆಳಗೆ ಒತ್ತಿ, ಅದರ ಮೇಲೆಯೇ ಕುಳಿತಿದ್ದಳು.

ಮೊದಲು ಈರುಳ್ಳಿಯ ಸೂಪು ಬಂತು. ಪರಶುರಾಂಪುರದ ಈರುಳ್ಳಿಯನ್ನು ಬೆಣ್ಣೆಯಲ್ಲಿ ಕೆಂಪಗೆ ಬಾಡಿಸಿ, ಕೊರಿಯಾದ ಹುದುಗಿಸಿದ ಸೋಯಾ ಕಾಳಿನ ಮುದ್ದೆ ಕದಡಿದ್ದು. ಬಲಗೈಯಲ್ಲಿ ಚಮಚ ಎತ್ತಿದಳು. ಚಮಚ ವಾಲಿತು. ಬಿಳಿ ಮೇಜುಬಟ್ಟೆಯ ಮೇಲೆ ಒಂದು ಹನಿ ಬಿತ್ತು. ಕೊಟ್ರಮ್ಮನ ಕಣ್ಣು ಆ ಹನಿಯ ಮೇಲೆ ಬಿತ್ತು.

ಸೌಂದರ್ಯ ಚಮಚ ಕೆಳಗಿಟ್ಟಳು. ಬಟ್ಟಲು ತುಂಬಿದಂತೆಯೇ ಅಡುಗೆಮನೆಗೆ ಮರಳಿತು. ಆಮೇಲೆ ಬಂದ ತೆಳುದೋಸೆಯೂ ಹಾಗೆಯೇ ಹೋಯಿತು.

ಪ್ರಭು ಹೊರಗೆ ಬಂದ. ಮುಖ ಬಾಡಿತ್ತು. ಅವಳ ಬಳಿ ಬಾಗಿ, ಅವಳಿಗಷ್ಟೇ ಕೇಳುವಂತೆ ಹೇಳಿದ: "ಮನಸ್ಸಿಲ್ಲದಿದ್ರೆ ಹೇಳ್ರೀ. ಬೇಡ ಅಂದೋನು ನಾನೇ ಅಂತ ಮನೆಯವರಿಗೆ ಹೇಳ್ತೀನಿ. ನಿಮ್ಮ ಮೇಲೆ ಮಾತು ಬರಲ್ಲ."

ಮನಸ್ಸಿಲ್ಲವೇ? ಮೂರು ವಾರದಿಂದ ಆ ದನಿಯನ್ನು ಕೇಳದೆ ಅವಳ ದಿನ ಮುಗಿದದ್ದೇ ಇಲ್ಲ. ಹೇಳಬೇಕೆಂದು ಬಾಯಿ ತೆರೆದಳು. ತಳಕಿನವರು ಮಡಚಿದ ಎಲೆ ಕಣ್ಣ ಮುಂದೆ ಬಂತು. ಮೇಜುಬಟ್ಟೆಯ ಮೇಲಿನ ಕಲೆಯನ್ನು ಬಲಬೆರಳಿನಿಂದ ಉಜ್ಜತೊಡಗಿದಳು. ಅವನು ಉತ್ತರಕ್ಕೆ ಕಾದು, ತಲೆತಗ್ಗಿಸಿ ಒಳಗೆ ಹೋದ.

ಬೆಣ್ಣೆಯಲ್ಲಿ ಬೇಯಿಸಿದ ಸಿಹಿಗುಂಬಳ ಬಂತು. ಸುತ್ತ ಕೊರಿಯಾದ ಕೆಂಪು ಮೆಣಸಿನ ಗೊಜ್ಜು. ಅಷ್ಟರಲ್ಲಿ ಕೊಟ್ರಮ್ಮ, ಕೋಸಿನ ಉಪ್ಪಿನಕಾಯಿಯ ಜಾಡಿಗಳನ್ನು ತೋರಿಸುತ್ತೇನೆಂದು ಬೀಗರಾಗಲಿರುವ ಇಬ್ಬರನ್ನೂ ಎಬ್ಬಿಸಿಕೊಂಡು ಹೋದಳು.

ಸೌಂದರ್ಯ ಒಬ್ಬಳೇ ಉಳಿದಳು. ಬೆಳಗಿನಿಂದ ಉಪವಾಸ. ಸುತ್ತ ನೋಡಿದಳು. ಕಳ್ಳಿಯಂತೆ, ತನ್ನದೇ ಕೈಯನ್ನು ಹೊರತೆಗೆದು, ನಾಲ್ಕು ತುತ್ತು ತಿಂದಳು. ಕಣ್ಣು ತುಂಬಿತು. ಎಷ್ಟು ರುಚಿ… ಹೆಜ್ಜೆ ಸಪ್ಪಳ ಕೇಳಿತು. ಚಮಚ ಬಿಟ್ಟು, ಕೈಯನ್ನು ಮತ್ತೆ ಸೆರಗಿಗೆ ಸೇರಿಸಿದಳು.

ಹಿರಿಯರು ಮರಳಿ ಕುಳಿತರು. ತಟ್ಟೆ ಅಡುಗೆಮನೆಗೆ ಹೋಯಿತು.

ಮುಂದೆ ಬಂದದ್ದು ತರಕಾರಿ ಬೆರೆಸಿದ ಅನ್ನದ ಬಟ್ಟಲು. ಪ್ರಭು ತಾನೇ ತಂದು ಬಡಿಸಿದ. ಎಲ್ಲರ ಬಟ್ಟಲಿನ ಬಲಕ್ಕೆ ಚಮಚ. ಸೌಂದರ್ಯಳ ಬಟ್ಟಲಿಗೆ ಮಾತ್ರ ಎಡಕ್ಕೆ.

ಅವಳು ಆ ಚಮಚವನ್ನೇ ನೋಡಿದಳು. ಇವನಿಗೆ ಗೊತ್ತಾಗಿದೆ… ಎಲ್ಲರ ಎದುರಿಗೆ ಬಯಲು ಮಾಡುತ್ತಿದ್ದಾನೆ!

"ಆಕಿಗೊಬ್ಬಳಿಗೆ ಯಾಕೋ ಎಡಕ್ಕೆ ಇಟ್ಟೆ?" ಎಂದಳು ಕೊಟ್ರಮ್ಮ.

ಕುರ್ಚಿ ಸದ್ದುಮಾಡಿತು. ಸೌಂದರ್ಯ ಎದ್ದಿದ್ದಳು. "ನನ್ನ ನಗೆಪಾಟಲು ಮಾಡಾಕೆ ಕರೆಸಿದ್ರಾ?"

"ಅಲ್ಲ ರೀ. ನೀವು ಉಣ್ಣಲಿ ಅಂತ ಇಟ್ಟೆ." ಎಂದ ಪ್ರಭು. ಬಾಣಸಿಗನಿಗೆ ಮರಳಿ ಬಂದ ತಟ್ಟೆಯೇ ಉಂಡವರು ಬರೆದ ಕಾಗದವೆಂದು ಅವನು ವಿವರಿಸಿದ. ಅವಳ ಸಿಹಿಗುಂಬಳದ ತಟ್ಟೆಯಲ್ಲಿ ಗೊಜ್ಜು ಎಡದ ಅಂಚಿನಿಂದ ಖಾಲಿಯಾಗಿತ್ತು, ಚಮಚ ಎಡಕ್ಕೆ ಒರಗಿತ್ತು. "ಮೂರು ವಾರ ಏನಿಷ್ಟ ಅಂತ ಕೇಳಿದೆ. ಯಾವ ಕೈ ಅಂತ ಕೇಳ್ಬೇಕಿತ್ತು… ಹೊಳೀಲಿಲ್ಲ."

"ಎಡಚಿಯೇನು?" ಕೊಟ್ರಮ್ಮ ನೇರವಾಗಿ ಕೇಳಿದಳು.

ತಿಪ್ಪೇರುದ್ರಮ್ಮ ಹೊಟ್ಟೆನೋವಿನ ಮಾತು ತೆಗೆದಳು. ಸೌಂದರ್ಯ ಅವ್ವನ ತೋಳು ಹಿಡಿದು ನಿಲ್ಲಿಸಿದಳು. ಸೆರಗಿನಿಂದ ಕೈ ತೆಗೆದು, ಅಂಗೈ ಬಿಡಿಸಿ ಹಿಡಿದಳು.

"ಹೌದು ರೀ. ದಿನಾ ಬೆಳಿಗ್ಗೆ ಈ ಎಡ ಅಂಗೈ ಮೇಲೇ ಲಿಂಗ ಇಟ್ಕಂಡು ಪೂಜೆ ಮಾಡ್ತೀನಿ. ನೀವೂ ಹಂಗೇ ಮಾಡ್ತೀರಿ. ಲಿಂಗ ಹಿಡಿಯೋ ಕೈಲಿ ಅನ್ನ ಯಾಕೆ ಹಿಡಿಬಾರ್ದು… ಅದೊಂದು ನನಗೆ ಯಾರೂ ಹೇಳಿಲ್ಲ."

ಕೊಟ್ರಮ್ಮ ತನ್ನ ಎಡ ಅಂಗೈಯನ್ನು ಮಡಿಲಲ್ಲಿ ಮೆಲ್ಲಗೆ ತಿರುಗಿಸಿ ನೋಡಿಕೊಂಡಳು. ಅರವತ್ತು ವರ್ಷ ಲಿಂಗವನ್ನು ಹೊತ್ತ ಅಂಗೈ ಅದು.

"ಕೂತ್ಕಾ ತಾಯಿ," ಎಂದಳು ಕೊನೆಗೆ. "ಅನ್ನ ಆರ್ತೈತೆ."

ಸೌಂದರ್ಯ ಕುಳಿತಳು. ಎಡಗಡೆಯ ಚಮಚವನ್ನು ಎತ್ತಿದಳು. ಬಾಯಿಗಿಡುವ ಮುನ್ನ ಒಮ್ಮೆ ಅವ್ವನತ್ತ ನೋಡಿದಳು. ಇಪ್ಪತ್ತು ವರ್ಷದ ಭಯ ಒಂದು ಮಾತಿಗೆ ಇಳಿದುಹೋಗುವುದಿಲ್ಲ. ಆದರೆ ಈ ಸಲ ಒಂದು ಅಗುಳೂ ಚೆಲ್ಲಲಿಲ್ಲ.

ಪ್ರಭು ಕುರ್ಚಿ ಎಳೆದುಕೊಂಡು ಅವಳ ಎಡಕ್ಕೆ ಕುಳಿತ.

"ಆ ಕಡೆ ಕೂರ್ರೀ," ಎಂದಳು ಮೆಲ್ಲಗೆ. "ಇಲ್ಲಿ ಕೂತ್ರೆ ನಿಮ್ಮ ಬಲ ಮೊಣಕೈ, ನನ್ನ ಎಡ ಮೊಣಕೈ ತಾಗ್ತಾವೆ."

"ಗೊತ್ತು. ಅದಕ್ಕೇ ಕೂತೆ."

"ದಿನಾ ತಾಗ್ತಾವೆ…"

"ತಾಗ್ಲಿ ಬಿಡ್ರೀ."

ಓದುಗರೇ, ಇಂದು ಊಟಕ್ಕೆ ಕುಳಿತಾಗ ನಿಮ್ಮ ಪಂಕ್ತಿಯಲ್ಲಿ ಒಂದು ಎಡಗೈ ಹೆದರಿ ಹಿಂದೆ ಸರಿದರೆ, ಗದರಬೇಡಿ. ಬಲಗಡೆಯ ಚಮಚವನ್ನು ಎತ್ತಿ, ನೀವೇ ಎಡಗಡೆ ಇಡಿ.