ಮೆಣಸಿನಕಾಯಿ ಕಚ್ಚಿದ ಟರ್ಬೋ

ಹಸಿಮೆಣಸಿನಕಾಯಿ, ನಿಂಬೆಹಣ್ಣು, ಇದ್ದಿಲಿನ ಚೂರು, ಮೊಳ ದಾರ. ಎಲ್ಲ ಸೇರಿ ಎರಡು ರೂಪಾಯಿ.

ಬೆಂಗಳೂರಿನ ಗುಜರಿಯಿಂದ ತಂದ ಫಾರಿನ್ ವಾಲ್ವ್. ಆರು ಸಾವಿರ.

ನನ್ನ ತಲೆ... ಆ ಮಧ್ಯಾಹ್ನ ಪುಕ್ಕಟೆ ಕೊಟ್ಟರೂ ಯಾರೂ ಒಯ್ಯುತ್ತಿರಲಿಲ್ಲ!

ಯಾಕೆಂದರೆ ನನ್ನ ಯೆಜ್ಡಿಯ ಮಡ್‌ಗಾರ್ಡಿಗೆ ಮೂರು ಮೊಳ ಹಿಂದೆ ಒಂದು ಟರ್ಬೋ ಸುಮೋ ಬುಸುಗುಡುತ್ತಿತ್ತು. ಹರಿಹರ ಬಿಟ್ಟು ದಾವಣಗೆರೆಯ ದಾರಿ. ಸ್ಟೀರಿಂಗ್ ಹಿಡಿದವನು ಕರಿಬಸವರಾಜ. ಕದ್ದ ಗಾಡಿಗೆ ಬಣ್ಣ ಬಳಿದು ಬಳ್ಳಾರಿ ಕಡೆ ದಾಟಿಸುವ ಆಸಾಮಿ.

ಪಿಶ್ಶ್ಶ್!

ಅವನು ಬ್ರೇಕ್ ಒತ್ತಿದಾಗಲೆಲ್ಲ ಆ ಸದ್ದು. ಸಿಟ್ಟಿಗೆದ್ದ ನಾಗರಹಾವಿನಂತೆ.

"ಪ್ಲೇಟ್ ಬಿಸಾಕಲೇ ಗುಡ್ಡ್ಯಾ!" ಕಿಟಕಿಯಿಂದ ಕೂಗಿದ.

"ಬಂದು ಇಸ್ಕೊಳಲೇ!"

ಪ್ಲೇಟ್ ನನ್ನ ಅಂಗಿಯೊಳಗಿತ್ತು. ಸುಮೋದ ಹಳೇ ನಂಬರ್ ಪ್ಲೇಟ್. ಅದು ಪೊಲೀಸರ ಕೈಸೇರಿದರೆ ಅವನು ಒಳಗೆ. ಅವನ ಕೈಸೇರಿದರೆ ನಾನು ಮಣ್ಣಿಗೆ!

ಕೇಳಿ ಸ್ವಾಮಿ. ಕಳೆದದ್ದನ್ನು ಹುಡುಕಿಕೊಡುವುದು ನನ್ನ ಕಸುಬು. ದಾವಣಗೆರೆಯ ಮಂಡಿಪೇಟೆಯಲ್ಲಿ ಗುಡ್ಡಪ್ಪ ಎಂದರೆ ನಾಯಿ ಕೂಡ ದಾರಿ ತೋರಿಸುತ್ತದೆ. ಆ ಸುಮೋ ಹಜೀರಾಬೀಯದು. ಗಂಡ ತೀರಿಕೊಂಡ ಮೇಲೆ ಆಕೆಗೆ ಉಳಿದದ್ದು ಮೂರು ಹೆಣ್ಣುಮಕ್ಕಳು ಮತ್ತು ಆ ಬಾಡಿಗೆ ಗಾಡಿ. ಅದೂ ಹೋಯಿತು.

"ಅಣ್ಣಾ, ಗಾಡಿ ಸಿಗ್ಲಿಲ್ಲಾಂದ್ರೆ ದೊಡ್ಡಾಕಿ ಶಾಲೆ ಬಿಡ್ಬೇಕಾಗ್ತೈತೆ," ಎಂದಿದ್ದಳು. ಅಳಲಿಲ್ಲ. ಅತ್ತಿದ್ದರೆ ನಾನು ಬೇರೆ ಕೆಲಸ ನೋಡಿಕೊಳ್ಳುತ್ತಿದ್ದೆ.

ಹರಿಹರದ ಒಂದು ಶೆಡ್ಡಿನಲ್ಲಿ ಗಾಡಿ ಸಿಕ್ಕಿತು. ಬಣ್ಣ ಹೊಸದು. ನಂಬರ್ ಹೊಸದು. ಹಿಂಬಾಗಿಲಿನ ತಗ್ಗು ಮಾತ್ರ ಹಳೆಯದು. ಆಕೆಯ ಮನೆಯ ಹೋತ ಗುದ್ದಿದ್ದು.

ಗಿರಾಕಿಯ ವೇಷದಲ್ಲಿ ಹೋಗಿದ್ದೆ. ಒಳಗೆ ನಾಲ್ಕು ಜನ. ನಾನೊಬ್ಬ. ಗಾಡಿಯನ್ನು ನಾನು ತರುವಂತಿಲ್ಲ... ಗಾಡಿಯೇ ನನ್ನ ಹಿಂದೆ ಬರಬೇಕು!

ಕರಿಬಸವರಾಜ ಬಾನೆಟ್ ಎತ್ತಿಸಿ, ಸೀಟಿನಲ್ಲಿ ಕೂತು ಎಂಜಿನ್ ರೊಯ್ಯೆನಿಸಿದ. ಬ್ರೇಕ್ ಒತ್ತಿದ. ಪಿಶ್ಶ್!

"ಹೆಂಗೈತ್ರಿ ಸೌಂಡು?"

ಮೆಕ್ಯಾನಿಕ್ ಪರಶುರಾಮ್ ಮುಖ ಸಿಂಡರಿಸಿದ. "ಡೀಸಲ್ ಗಾಡಿಗೆ ಈ ಫಾರಿನ್ ವಾಲ್ವ್ ಬ್ಯಾಡ ಅಂದೆ ಕಣ್ರಿ. ಪೆಟ್ರೋಲ್ ಗಾಡೀಲಿ ಆಕ್ಸಿಲರೇಟರಿಂದ ಕಾಲು ತೆಗೆದ್ರೆ ಗಾಳಿ ದಾರೀಲಿ ಬಾಗಿಲು ಮುಚ್ಕೊಂತೈತೆ. ಎಂಜಿನ್ನಿಗೆ ಟರ್ಬೋ ತಳ್ಳಿದ ಗಾಳಿ ವಾಪಸ್ ಬಂದು ಅದರ ಫ್ಯಾನಿಗೇ ಬಡೀತೈತೆ. ಅದನ್ನ ಹೊರಗೆ ಬಿಡಾಕ ಈ ವಾಲ್ವ್. ಡೀಸಲಿಗೆ ಆ ಬಾಗಿಲೇ ಇಲ್ಲ!"

"ಮತ್ತೆ ಹೆಂಗೆ ಬುಸ್ ಅಂತೈತೆ?" ನಾನು ಕೇಳಿದೆ.

"ಬ್ರೇಕ್ ಪೆಡಲಿಗೆ ಕರೆಂಟ್ ಸ್ವಿಚ್ ಕಟ್ಟೀನಿ. ಒತ್ತಿದ್ರೆ ಬಾಯಿ ತೆಗೀತೈತೆ, ಬಿಟ್ರೆ ಮುಚ್ತೈತೆ. ಒಳ್ಳೆ ಗಾಳಿ ದಂಡ."

"ನೀ ಸುಮ್ನಿರಲೇ," ಎಂದ ಕರಿಬಸವರಾಜ. "ಜನ ತಿರುಗಿ ನೋಡ್ತಾರೋ ಇಲ್ಲೋ?"

ನನ್ನ ತಲೆಯಲ್ಲಿ ದೀಪ ಹತ್ತಿತು.

"ಅದ್ಸರಿ ಸಾವ್ಕಾರ್ರೇ... ಇವತ್ತು ಅಮಾಸಿ. ಇಷ್ಟು ಜನ ನೋಡೋ ಸಾಮಾನಿಗೆ ನಿಂಬೆಹಣ್ಣು ಕಟ್ಟಿಲ್ವಾ?"

"ಬಂಪರಿಗೆ ಕಟ್ಟೀವಲ್ರಿ!"

"ಕಣ್ಣು ಬೀಳೋದು ಬಂಪರಿಗೋ, ಇದಕ್ಕೋ?"

ಅವನ ಮುಖ ಸಪ್ಪಗಾಯಿತು. ನಮ್ಮ ಕಡೆಯ ಕಳ್ಳರು ಕದಿಯಲು ಹೆದರುವುದಿಲ್ಲ, ಅಮಾವಾಸ್ಯೆಗೆ ಹೆದರುತ್ತಾರೆ!

"ನೀವೇ ಕಟ್ರಿ ಹಂಗಾರೆ," ಎಂದ. "ನಿಮ್ಮ ಕೈಗುಣ ಚಲೋ ಇರಂಗೈತೆ."

ನಿಂಬೆಹಣ್ಣು ತರುವ ನೆಪದಲ್ಲಿ ಎಸ್‌ಟಿಡಿ ಬೂತಿಗೆ ಹೋಗಿ ದಾವಣಗೆರೆಯ ಟ್ಯಾಕ್ಸಿ ಸ್ಟ್ಯಾಂಡಿಗೆ ಫೋನ್ ಮಾಡಿದೆ. ವಾಪಸ್ ಬಂದು ವಾಲ್ವಿನ ಬಾಯಿಗೇ ದಾರ ಕಟ್ಟಿದೆ. ಕೊನೆಯ ಮೆಣಸಿನಕಾಯಿ ಸರಿಯಾಗಿ ಬಾಯಿಯ ಅಂಚಿನಲ್ಲಿ ತೂಗಬೇಕು. ಬಾಯಿ ಮುಚ್ಚುವಾಗ ಅದು ಸಿಕ್ಕಿಕೊಂಡರೆ ಸಾಕು... ಟರ್ಬೋದ ಗಾಳಿಯೆಲ್ಲ ಹೊರಗೇ ಸೋರುತ್ತದೆ. ಹುಲಿ ಎಮ್ಮೆಯಾಗುತ್ತದೆ.

ಭಕ್ತಿಯಿಂದ ಕೈಮುಗಿದೆ. ಬಾನೆಟ್ ಮುಚ್ಚಿದೆ. ಮೂಲೆಯಲ್ಲಿ ಬಿದ್ದಿದ್ದ ಹಳೇ ಪ್ಲೇಟ್ ಎತ್ತಿಕೊಂಡೆ.

"ನಾನು ಮಂಡಿಪೇಟೆ ಗುಡ್ಡಪ್ಪ. ಹಜೀರಾಬೀ ಸಲಾಂ ಹೇಳ್ಯಾಳೆ!"

ಒಂದೇ ಕಿಕ್. ಯೆಜ್ಡಿ ಹಾರಿತು. ಮೂವರು ಕಾಲ್ನಡಿಗೆಯಲ್ಲಿ ಓಡಿಬಂದರು. ಕರಿಬಸವರಾಜ ಮಾತ್ರ ಸುಮೋದೊಂದಿಗೆ ಬಂದ.

ಈಗ ತೊಂದರೆ ಒಂದೇ. ಮೆಣಸಿನಕಾಯಿ ಇನ್ನೂ ಸಿಕ್ಕಿರಲಿಲ್ಲ!

ಬ್ರೇಕ್ ಒತ್ತಲೇ ಮಗನೇ... ಒತ್ತು!

ಮೆಕ್ಕೆಜೋಳದ ಟ್ರ್ಯಾಕ್ಟರಿನ ಮುಂದೆ ನುಗ್ಗಿದೆ. ಪಿಶ್ಶ್! ಬಾಯಿ ಮುಚ್ಚಿಕೊಂಡಿತು. ಸುಮೋ ಮತ್ತೆ ಜಿಗಿಯಿತು. ಬಂಪರ್ ನನ್ನ ಬೈಕಿನ ನಂಬರ್ ಪ್ಲೇಟನ್ನು ಮುಟ್ಟಿತು. ಯೆಜ್ಡಿ ಓಲಾಡಿತು.

ಎತ್ತಿನಗಾಡಿ. ಎಡಕ್ಕೆ ಎಳೆದೆ. ಪಿಶ್ಶ್! ಇಲ್ಲ. ಇನ್ನೂ ಇಲ್ಲ.

ಎದುರಿಗೆ ಬಸ್ಸು. ಬಲಕ್ಕೆ ನುಗ್ಗಿ, ಅದರ ಮೂಗಿನ ಮುಂದೆ ತಿರುಗಿ ಎಡಕ್ಕೆ ಬಂದೆ. ಡ್ರೈವರ್ ನನ್ನ ವಂಶವನ್ನೆಲ್ಲ ನೆನೆದ.

ಪಿಶ್... ಸ್ಸ್ಸ್ಸ್ಸ್ಸ್...

ನಿಲ್ಲಲಿಲ್ಲ. ಸಿಕ್ಕಿತು!

ಹಿಂದೆ ನೋಡಿದೆ. ಕರೀ ಹೊಗೆ. ಡೀಸಲ್ ಬರುತ್ತಿದೆ, ಸುಡಲು ಗಾಳಿ ಸಾಲದು. ಸುಮೋ ಹಿಂದೆ ಬಿತ್ತು. ಈಗ ನಾನೇ ನಿಧಾನ ಮಾಡಿದೆ. ಅವನು ಬೇಸತ್ತು ತಿರುಗಿಬಿಟ್ಟರೆ ಕೆಲಸ ಕೆಟ್ಟಿತು!

"ಯಾಕ ಕರಿಬಸಣ್ಣ, ದಮ್ಮು ಹತ್ತಿತಾ?" ಪ್ಲೇಟ್ ತೆಗೆದು ಬೀಸಿದೆ.

ಅವನು ಬೈದ. ಬಂದ. ಊರೊಳಗೂ ಬಂದ.

ಪಿ.ಬಿ. ರಸ್ತೆಯಿಂದ ಮಂಡಿಪೇಟೆ ಕಡೆ ತಿರುಗಿದರೆ ರೈಲ್ವೆ ಗೇಟ್. ಯಾವ ದೇವರು ಕೈಬಿಟ್ಟರೂ ನಮ್ಮೂರಿನ ಗೇಟ್ ಕೈಬಿಡುವುದಿಲ್ಲ. ಬೀಳುತ್ತಿತ್ತು! ಬಗ್ಗಿದೆ... ಸಾಲಲಿಲ್ಲ. ಕಂಬಿ ಬಾಯಿಗೆ ಬಡಿಯಿತು. ಬೈಕ್ ಒಂದು ಕಡೆ, ನಾನೊಂದು ಕಡೆ.

ಕರಿಬಸವರಾಜ ಗೇಟ್ ಪೂರ್ತಿ ಬೀಳುವ ಮೊದಲು ನುಸುಳಿಬಿಡಲು ಆಕ್ಸಿಲರೇಟರ್ ಒತ್ತಿದ. ದಮ್ಮಿದ್ದ ಗಾಡಿಯಾಗಿದ್ದರೆ ದಾಟುತ್ತಿತ್ತು. ಹೊಗೆ ಬಂತು, ವೇಗ ಬರಲಿಲ್ಲ. ಗೇಟ್ ಮುಂದೆ ನಿಂತ. ಹಿಂದೆ, ನಾನು ಫೋನ್ ಮಾಡಿ ಕಾಯಲು ಹೇಳಿದ್ದ ನಾಲ್ಕು ಟ್ಯಾಕ್ಸಿ ಅಡ್ಡ ನಿಂತವು.

ಒಂದರಿಂದ ಇಳಿದ ಹಜೀರಾಬೀ ಸುಮೋದ ಬಾಗಿಲು ತೆಗೆದು ಅವನ ಕೊರಳಪಟ್ಟಿ ಹಿಡಿದಳು.

"ಹಿಂದಿನ ಬಾಗಿಲಿಗೆ ಗುದ್ದಿದ್ದು ನನ್ನ ಹೋತ. ನಿನಗೆ ಗುದ್ದಾಕಿ ನಾನು! ಇಳಿಯಲೇ!"

ಗುದ್ದಿದಳು. ಪೊಲೀಸರು ಬರುವವರೆಗೂ ಗುದ್ದಿದಳು. ಪ್ಲೇಟ್ ಅವರ ಕೈಗಿಟ್ಟೆ.

ಠಾಣೆಯ ಕಾಗದಪತ್ರ ಮುಗಿದ ಮೇಲೆ ಆಕೆಗೆ ಗಾಡಿ ಸಿಕ್ಕಿತು. ದೊಡ್ಡ ಮಗಳು ಶಾಲೆಯಲ್ಲೇ ಉಳಿದಳು. ನನಗೆ ಮುಂದಿನ ಎರಡು ಹಲ್ಲು ಹೋದವು.

ಈಗ ಮಾತಾಡಿದರೆ ಪಿಶ್ಶ್ ಎಂದು ಗಾಳಿ ಹೋಗುತ್ತದೆ... ಆರು ಸಾವಿರ ಖರ್ಚಿಲ್ಲದೆ!