ಮುಷ್ಕರ ತೂಗುವ ಯಂತ್ರ

ಮುಷ್ಕರ ಬೆಳಿಗ್ಗೆ ಹತ್ತೂಕಾಲಿಗೆ ಶುರುವಾಗಿ ಹತ್ತು ಹತ್ತೊಂಬತ್ತಕ್ಕೆ ಮುಗಿಯಿತು. ಆ ನಾಲ್ಕು ನಿಮಿಷಗಳಲ್ಲಿ ಪರದೆಯ ಮೇಲೆ ಇಪ್ಪತ್ತಾರು ದಿನ ಕಳೆದವು. ಮೊದಲ ದಿನ ಮದ್ದೂರಿನ ಶ್ವೇತಪದ್ಮ ಗಾರ್ಮೆಂಟ್ಸಿನ ಸಾವಿರದ ಇನ್ನೂರು ಹೆಂಗಸರು ಗೇಟಿನ ಹೊರಗೆ ಕೂತರು. ಐದನೆಯ ದಿನ ಕಂಪನಿ ಅರ್ಧ ಆರ್ಡರನ್ನು ಬೇರೆ ದೇಶಕ್ಕೆ ಕಳಿಸಿತು. ಒಂಬತ್ತನೆಯ ದಿನ ಮನೆಗಳಲ್ಲಿ ಜಗಳ ಹತ್ತಿತು. ಹದಿನಾಲ್ಕಕ್ಕೆ ಮುನ್ನೂರು ಮಂದಿ ತಲೆ ತಗ್ಗಿಸಿಕೊಂಡು ಒಳಗೆ ಹೋದರು. ಇಪ್ಪತ್ತಾರಕ್ಕೆ ಎಲ್ಲ ಮುಗಿದು ಹೊಲಿಗೆ ಮಷಿನುಗಳು ಮತ್ತೆ ಓಡತೊಡಗಿದವು.

ನಿಜದಲ್ಲಿ ಅವು ನಿಂತೇ ಇರಲಿಲ್ಲ. ಗೋಡೆಯಾಚೆಯ ಅವುಗಳ ಸದ್ದಿಗೆ ಮೇಜಿನ ಮೇಲಿನ ಟೀ ಲೋಟಗಳು ಅದುರುತ್ತಿದ್ದವು.

ಯಂತ್ರದ ತೀರ್ಪು ಬಂತು: ಪ್ರತಿ ಲೈನಿಗೆ ಒಂದು ಟೋಕನ್.

ಟೋಕನ್ ಎಂದರೆ ಮೊಳೆಗೆ ನೇತುಹಾಕಿದ ಕೆಂಪು ಪ್ಲಾಸ್ಟಿಕ್ ಬಿಲ್ಲೆ. ನಲವತ್ತು ಮಂದಿಯ ಲೈನಿನಲ್ಲಿ ಅದನ್ನು ಕೊರಳಿಗೆ ಹಾಕಿಕೊಂಡವಳು ಮಾತ್ರ ಕಕ್ಕಸಿಗೆ ಹೋಗಬಹುದು. ಅವಳು ವಾಪಸು ಬಂದು ಮೊಳೆಗೆ ತಗುಲಿಸುವ ತನಕ ಉಳಿದವರು ತಡೆದುಕೊಂಡಿರಬೇಕು. ಈ ತನಕ ಲೈನಿಗೆ ಎರಡು ಟೋಕನ್ ಇದ್ದವು. ಸಂಘ ಕೇಳಿದ್ದು ಟೋಕನ್ನೇ ಬೇಡವೆಂದು. ಯಂತ್ರ ಇದ್ದದ್ದರಲ್ಲೂ ಒಂದನ್ನು ಕಿತ್ತುಕೊಂಡಿತು.

"ಏನ್ ಸಾ ಇದು? ಕೇಳಾಕ್ ಬಂದ್ರೆ ಇರಾದ್ನೂ ಕಿತ್ಕತದಲ್ಲ!" ಎಂದಳು ಸಿಂಚನಾ. ಅವಳು ಸಂಘದ ಕಾರ್ಯದರ್ಶಿ. ವಯಸ್ಸು ನಲವತ್ತೈದು, ಅದರಲ್ಲಿ ಇಪ್ಪತ್ತು ವರ್ಷ ಕಾಲರ್ ಹೊಲಿದಿದ್ದಳು.

"ನಾನು ಹೇಳಿದ್ದಲ್ಲ ಮೇಡಂ, ಯಂತ್ರ ಹೇಳಿದ್ದು," ಎಂದ ಮ್ಯಾನೇಜರ್ ಪ್ರಣೀತ್. "ಸಂಜೆ ಐದರೊಳಗೆ ಸೈನ್ ಮಾಡಿಬಿಡಿ. ಇವತ್ತು ಎಲ್ಲರಿಗೂ ಹೋಳಿಗೆ ಮಾಡಿಸಿದೀವಿ."

"ಹೋಳಿಗೆ ತಿಂದು ನೀರ್ ಕುಡುದ್ರೆ ಎಲ್ಲಿಗ್ ಹೋಗಾನ? ಮಂಗಳವಾರ ನಮ್ ತಸ್ಲೀಮಾ ಕೂತ್ ಸ್ಟೂಲ್ ಮೇಲೇ ಉಚ್ಚೆ ಹುಯ್ಕಂಡ್ಳು. ಮೊಮ್ಮಗ ಅವ್ನೆ ಅವಳ್ಗೆ. ಕಾಲಿಂದ ಇಳೀತಿದ್ರೂ ಹೊಲೀತಾನೇ ಇದ್ಳು. ನಿಮ್ ಕಂಪ್ಯೂಟರ್ ಏನ್ ಬರ್ಕಂಡದೆ ಗೊತ್ತಾ? ಉತ್ಪಾದನೆಗೆ ಅಡ್ಡಿಯಾಗಿಲ್ಲ ಅಂತ!"

"ಆ ಸ್ಟೂಲ್ ಚೇಂಜ್ ಮಾಡಿಸಿದೀವಿ ಮೇಡಂ," ಎಂದು ಪ್ರಣೀತ್ ಹೊರಗೆ ಹೋದ.

ಮೂಲೆಯಲ್ಲಿ ಕೂತಿದ್ದ ಮುದುಕ ಟೀ ಲೋಟ ಕೆಳಗಿಟ್ಟ. ಅವನು ಡಾ. ಹಾಲೇಶಪ್ಪ. ಯಂತ್ರ ಕಂಡುಹಿಡಿದವನು ಅವನೇ. ಎಪ್ಪತ್ತೆರಡರಲ್ಲೂ ವರ್ಷಕ್ಕೊಮ್ಮೆ ಅದರ ತಪಾಸಣೆಗೆ ಬರುತ್ತಿದ್ದ. 2041ರಲ್ಲಿ ಅವನು ಇದನ್ನು ಕಟ್ಟಿದಾಗ ಎಡಪಂಥದವರೂ ಮಾಲೀಕರೂ ಒಟ್ಟಿಗೆ ಚಪ್ಪಾಳೆ ತಟ್ಟಿದ್ದರು. ಆಗಲೇ ಅನುಮಾನ ಬರಬೇಕಿತ್ತು. ಕಂಪನಿಯ ದಾಸ್ತಾನು, ಬಾಕಿ ಆರ್ಡರು, ಕೆಲಸಗಾರರ ಮನೆಯಲ್ಲಿರುವ ಅಕ್ಕಿ, ಅವರ ಸಾಲ, ಅವರ ಒಗ್ಗಟ್ಟು ಎಲ್ಲವನ್ನೂ ಲೆಕ್ಕ ಹಾಕಿ, ಮುಷ್ಕರ ಮಾಡಿದರೆ ಕೊನೆಗೆ ಏನು ಸಿಕ್ಕೀತೆಂದು ಯಂತ್ರ ಮೊದಲೇ ಹೇಳುತ್ತಿತ್ತು. ಸಿಗುವುದನ್ನು ಉಪವಾಸ ಬೀಳದೆಯೇ ಪಡೆಯಿರಿ ಎಂಬುದು ಅದರ ತತ್ವ. ಮರುವರ್ಷವೇ ಕಾನೂನು ಬಂತು: ತೂಗಿಸದೆ ಕೆಲಸ ನಿಲ್ಲಿಸುವುದು ಅಪರಾಧ. ಎರಡೂ ಕಡೆಯವರು ಅಂದೇ ತೀರ್ಪಿಗೆ ಸಹಿ ಹಾಕಬೇಕು. ಸಹಿಗೆ ಮೊದಲು ಹೊಸ ಸಂಗತಿ ನಡೆದರೆ ಯಂತ್ರ ತಾನಾಗಿ ಮತ್ತೆ ತೂಗುತ್ತದೆ. ಮುಷ್ಕರವನ್ನು ನಿಷೇಧಿಸಿದ್ದರೆ ಜನ ಬೀದಿಗಿಳಿಯುತ್ತಿದ್ದರು. ಲೆಕ್ಕ ಹಾಕಿ ಕೊಟ್ಟಾಗ ಸಾಲಾಗಿ ನಿಂತು ಸಹಿ ಮಾಡಿದರು.

"ನಮ್ಮಪ್ಪ ದಾವಣಗೆರ್‍ಯಾಗೆ ನೂರಾ ಹನ್ನೊಂದು ದಿನ ಗಿರಣಿ ಮುಂದೆ ಕೂತಿದ್ದನಮ್ಮ," ಎಂದ ಹಾಲೇಶಪ್ಪ. "ಗಿರಣಿನೇ ಮುಚ್ಚಿಬಿಟ್ರು. ತಂಗಿ ಟೈಫಾಯ್ಡ್‌ನಾಗೆ ಹೋದ್ಲು. ಅಂಥದ್ದು ಇನ್ಯಾರಿಗೂ ಬರಬಾರದು ಅಂತ ಇದನ್ನ ಮಾಡಿದ್ದು."

"ಅದ್ಕೆ ನಮ್ ಮುಷ್ಕರನೂ ನೀವೇ ಮಾಡ್ಬುಟ್ರಾ? ಒಳ್ಳೇದಾಯ್ತು ಬುಡಿ. ಆರ್ ವರ್ಸದ್ ಹಿಂದೆ ಮೂರ್ ಟೋಕನ್ ಅಂತು, ಆಮೇಕೆ ಎರಡಂತು, ಈಗ ಒಂದು. ಮುಂದ್ಲ ಸಲ ಡಬ್ಬ ತಕಬನ್ನಿ ಅಂತದೇನೋ."

ಹಾಲೇಶಪ್ಪ ತೀರ್ಪಿನ ಒಳಲೆಕ್ಕ ತೆರೆದ. ಅಲ್ಲಿ 'ತಾಳಿಕೆ' ಎಂಬ ಅಂಕವಿತ್ತು: ಎಷ್ಟು ಮಂದಿ ಎಷ್ಟು ಹೊತ್ತು ಒಟ್ಟಾಗಿ ನಿಂತಾರು ಎಂಬ ಅಂದಾಜು. ಯಂತ್ರ ಬಂದ ಮೊದಲ ವರ್ಷ ಅದು ನೂರಕ್ಕೆ ಅರವತ್ತೊಂದು. ಈಗ ಏಳು.

"ಇದ್ಯಾಕೆ ಇಳ್ಕಂಡ್ ಬಂದದೆ?"

"ಹಿಂದೆ ನಿಲ್ಲಿಸಿದ್ದನ್ನ ನೋಡಿ ಅದು ಮುಂದಿಂದು ಹೇಳ್ತೈತಿ. ಹದಿನೇಳು ವರ್ಷದಿಂದ ಯಾರೂ ಕೆಲಸ ನಿಲ್ಲಿಸಿಲ್ಲ."

"ನಿಲ್ಲಿಸ್ಬ್ಯಾಡಿ ಅಂದೋರು ನೀವು. ನಿಲ್ಲಿಸ್ನಿಲ್ಲ ಅಂತ, ನಮ್ ಕೈಲಿ ಆಗಾದೇ ಇಲ್ಲ ಅಂತ ಬರೆದೋರೂ ನೀವೇ."

ಸಿಂಚನಾ ಪರದೆಯ ಮೇಲಿನ ಏಳರತ್ತ ಬೆರಳು ಮಾಡಿದಳು.

"ಆ ಏಳ್ನ ಒಂದಿಪ್ಪತ್ತು ಮಾಡಿ ಸಾ. ಯಾರ್ಗೂ ಗೊತ್ತಾಗಲ್ಲ."

"ಸುಳ್ಳು ಬರೆಯಾಕ್ ಬರಲ್ಲಮ್ಮ."

"ಸರಿ. ಹಂಗಾರೆ ನಿಜಾನೇ ಬರೀರಿ," ಎಂದು ಅವಳು ಎದ್ದು ಹೋದಳು.

ಹನ್ನೊಂದೂ ಮುಕ್ಕಾಲಿಗೆ ನಾಲ್ಕನೇ ಲೈನಿನಲ್ಲಿ ತಸ್ಲೀಮಾ ಟೋಕನ್ ಇಲ್ಲದೆ ಎದ್ದಳು. ಅವಳ ಹಿಂದೆ ಸಿಂಚನಾ. ಸೂಪರ್‌ವೈಸರ್ ಕೂಗಾಡುವಷ್ಟರಲ್ಲಿ ಪಕ್ಕದ ಲೈನ್ ಎದ್ದಿತು, ಆಮೇಲೆ ಇಡೀ ಹಾಲ್. ಕಕ್ಕಸಿದ್ದದ್ದು ಹದಿನಾಲ್ಕು. ಎಂಟರಲ್ಲಿ ಮಾತ್ರ ನೀರು ಬರುತ್ತಿತ್ತು. ಸಾಲು ಗೇಟಿನವರೆಗೆ ಬೆಳೆಯಿತು. ಮುಕ್ಕಾಲು ಪಾಲು ಹೆಂಗಸರಿಗೆ ಬಾಗಿಲು ಕೂಡ ಕಾಣಿಸಲಿಲ್ಲ. ಗಬ್ಬುನಾತಕ್ಕೆ ಸೆರಗು ಮುಚ್ಚಿಕೊಂಡು ಸುಮ್ಮನೆ ನಿಂತರು. ಮಷಿನುಗಳ ಸದ್ದು ಪೂರ್ತಿ ನಿಂತಿತು. ಹೊಸದಾಗಿ ಸೇರಿದವರು ಕೆಲಸದ ಹೊತ್ತಿನಲ್ಲಿ ಆ ಹಾಲಿನ ಮೌನವನ್ನು ಕೇಳಿಯೇ ಇರಲಿಲ್ಲ.

"ಏನಕ್ಕಾ, ಇಷ್ಟೇನಾ ನಿಲ್ಲಿಸಾದು ಅಂದ್ರೆ?" ಎಂದಳು ಒಬ್ಬಳು.

"ಇಷ್ಟೇ ಕನವ್ವ. ಕಾಲ್ ನೋಯ್ತದೆ, ಅಷ್ಟೇಯ," ಎಂದಳು ಸಿಂಚನಾ.

ಹನ್ನೊಂದು ನಿಮಿಷವಾದ ಮೇಲೆ ಸೂಪರ್‌ವೈಸರುಗಳು ಒಬ್ಬೊಬ್ಬರ ಹೆಸರು ಹಿಡಿದು ಬೆದರಿಸಿ ಎಲ್ಲರನ್ನೂ ಕೂರಿಸಿದರು. ಯಂತ್ರ ತಾನಾಗಿ ಮತ್ತೆ ತೂಗಿತು. ತಾಳಿಕೆ ಏಳರಿಂದ ಹತ್ತೊಂಬತ್ತಕ್ಕೆ ಏರಿತ್ತು. ತೀರ್ಪು: ಲೈನಿಗೆ ಎರಡು ಟೋಕನ್.

ಪ್ರಣೀತ್ ಬೆವರುತ್ತ ಓಡಿ ಬಂದ. "ಸರ್, ಇದು ಸ್ಟ್ರೈಕ್ ಅಲ್ಲ, ಟಾಯ್ಲೆಟ್ ಬ್ರೇಕ್. ತಪಾಸಣೆ ವರದಿಯಲ್ಲಿ ಹಾಗಂತ ಬರೆದು ಸೈನ್ ಮಾಡಿ, ತೀರ್ಪು ಮೊದಲಿನ ಹಾಗೇ ಆಗುತ್ತೆ. ಅವರ ಮೇಲೂ ಕೇಸ್ ಬರಲ್ಲ. ಸ್ಟ್ರೈಕ್ ಅಂತ ಬರೆದರೆ ಲೀಡ್ ಮಾಡಿದವರು ಜೈಲಿಗೆ ಹೋಗ್ತಾರೆ. ಅವರ ಒಳ್ಳೆಯದಕ್ಕೇ ಹೇಳ್ತಿದೀನಿ."

ಒಳ್ಳೆಯದಕ್ಕೇ. ಹದಿನೇಳು ವರ್ಷ ಹಾಲೇಶಪ್ಪ ಊರೂರಿಗೆ ಹೋಗಿ ಹೇಳಿದ್ದೂ ಅದೇ ಮಾತು, ಅದೇ ದನಿಯಲ್ಲಿ.

ಸಿಂಚನಾಳನ್ನು ಕರೆಸಿದ. "ನೋಡಮ್ಮ, ಕಕ್ಕಸಿಗೆ ಹೋಗಿದ್ರಿ ಅಂತ ಬರೆದ್ರೆ ನೀನು ಉಳಿತೀಯ. ನಿಲ್ಲಿಸಿದ್ರಿ ಅಂತ ಬರೆದ್ರೆ ಟೋಕನ್ ಉಳಿತೈತಿ. ಏನ್ ಬರೀಲಿ?"

ಸಿಂಚನಾಳ ಮಗಳ ಪರೀಕ್ಷೆ ಮುಂದಿನ ತಿಂಗಳಿತ್ತು. ಕುತ್ತಿಗೆಗೆ ಅಂಟಿದ್ದ ದಾರದ ತುಂಡುಗಳನ್ನು ಒಂದೊಂದಾಗಿ ಕಿತ್ತಳು.

"ನಿಲ್ಲಿಸುದ್ರು ಅಂತ ಬರೀರಿ," ಎಂದಳು. "ತಸ್ಲೀಮಾ ಹೆಸ್ರು ಬ್ಯಾಡ. ಮೊದ್ಲು ಎದ್ದೋಳು ನಾನು."

ಅದೊಂದು ಸುಳ್ಳನ್ನು ಹಾಲೇಶಪ್ಪ ಬರೆದ.

ಮಧ್ಯಾಹ್ನ ಪೊಲೀಸ್ ವ್ಯಾನು ಅವಳನ್ನು ಕರೆದೊಯ್ದಾಗ ಹಾಲಿನಲ್ಲಿ ಹೋಳಿಗೆ ಹಂಚುತ್ತಿದ್ದರು. ಕೆಲವರು ತಿಂದರು, ಕೆಲವರು ಡಬ್ಬಿಗೆ ಹಾಕಿಕೊಂಡರು. ಮೊಳೆಯಲ್ಲಿ ಎರಡು ಬಿಲ್ಲೆಗಳು ಹಾಗೇ ನೇತಾಡುತ್ತಿದ್ದವು. ಒಬ್ಬ ಹೆಂಗಸಿನ ಬದುಕು ಕೊಟ್ಟು ಉಳಿಸಿಕೊಂಡದ್ದು ನಿನ್ನೆಯೂ ಇದ್ದ ಒಂದು ಪ್ಲಾಸ್ಟಿಕ್ ತುಂಡು. ಅದನ್ನು ಗೆಲುವು ಎನ್ನಲು ಹಾಲೇಶಪ್ಪನಿಗೆ ನಾಲಿಗೆ ಏಳಲಿಲ್ಲ.

ಒಗ್ಗಟ್ಟನ್ನು ಕೊಂದದ್ದು ತನ್ನ ಯಂತ್ರವೇ ಎಂದು ಅವನಿಗೆ ಖಾತ್ರಿಯಾಗಿತ್ತು. ಎಂದಿನಿಂದ ಎಂದು ನೋಡಲು ತಾಳಿಕೆಯ ಗೆರೆಯನ್ನು 2041ಕ್ಕಿಂತಲೂ ಹಿಂದಕ್ಕೆ ಎಳೆದ. ಯಂತ್ರ ಬಂದ ವರ್ಷ ಗೆರೆ ಹೊಸದಾಗಿ ಬಾಗಿರಲಿಲ್ಲ. ಅದು ಯಂತ್ರಕ್ಕೂ ಮೊದಲಿನಿಂದಲೇ ಇಳಿಯುತ್ತ ಬಂದಿತ್ತು. ಯಂತ್ರಕ್ಕೆ ಲೆಕ್ಕ ಕಲಿಸಲು ಅವನೇ ತುಂಬಿದ್ದ ಹಳೆಯ ದಾಖಲೆಗಳು ಒಂದೊಂದಾಗಿ ತೆರೆದುಕೊಂಡವು. ಒಂದರ ಮೇಲೆ ಬೆರಳಿಟ್ಟು ಓದಿದ. 2026. ಒಂದು ಗಾರ್ಮೆಂಟ್ಸ್ ಕಾರ್ಖಾನೆ. ಬೇಡಿಕೆ: ಕೇಳದೆ ಕಕ್ಕಸಿಗೆ ಹೋಗುವ ಹಕ್ಕು. ನಿಲ್ಲಿಸಿದ್ದರೆ ಗೆಲ್ಲುವ ಸಾಧ್ಯತೆ: ನೂರಕ್ಕೆ ಎಪ್ಪತ್ತೆಂಟು. ನಿಲ್ಲಿಸಿದವರು: ಯಾರೂ ಇಲ್ಲ.

ಆಗ ಅವರನ್ನು ತಡೆಯಲು ಯಂತ್ರವೂ ಇರಲಿಲ್ಲ, ಆ ಕಾನೂನೂ ಇರಲಿಲ್ಲ.