ಹದಿನೇಳನೇ ಮೊಳೆ

ಹದಿನೇಳನೇ ಮೊಳೆ ಖಾಲಿಯಿತ್ತು. ಆ ಒಂದು ಮೊಳೆಗಾಗಿ ಮೂರು ದೋಣಿಗಳು ಎರಡು ಗಂಟೆ ಹೊತ್ತು ಸಮುದ್ರವನ್ನು ಜಾಲಾಡಿದವು, ಇಡೀ ದ್ವೀಪ ದಡಕ್ಕೆ ಬಂದು ನಿಂತಿತು. ಆ ಹೊತ್ತಿನಲ್ಲಿ ಹದಿನೇಳನೇ ನಂಬರಿನ ಹೆಂಗಸು ತನ್ನ ರೂಮಿನ ಜಗುಲಿಯಲ್ಲಿ ಒದ್ದೆ ಕೂದಲು ಹರಡಿಕೊಂಡು, ಬಾಯಿ ಸ್ವಲ್ಪ ತೆರೆದುಕೊಂಡು, ಸೊಗಸಾಗಿ ನಿದ್ದೆ ಹೊಡೆಯುತ್ತಿದ್ದಳು.

ನಿಯಮ ಮಕ್ಕಳಿಗೂ ಅರ್ಥವಾಗುವಂಥದ್ದು. ಹವಳದ ದಿಬ್ಬ ನೋಡಲು ನೀರಿಗಿಳಿಯುವ ಪ್ರತಿ ಅತಿಥಿಯೂ ಜೆಟ್ಟಿಯ ಹಲಗೆಯಿಂದ ಒಂದು ಹಿತ್ತಾಳೆ ಬಿಲ್ಲೆ ತೆಗೆದು ಮುಂಗೈಗೆ ಕಟ್ಟಿಕೊಳ್ಳಬೇಕು, ವಾಪಸು ಬಂದು ಅದೇ ಮೊಳೆಗೆ ತೂಗುಹಾಕಬೇಕು. ಒಂದು ಮೊಳೆ ಖಾಲಿಯಿದ್ದರೂ ಯಾರೋ ಇನ್ನೂ ನೀರಿನಲ್ಲಿದ್ದಾರೆ ಎಂದರ್ಥ. ಆಗ ಹುಡುಕಲು ಹೋಗುವ ದೋಣಿ ಬಿಟ್ಟರೆ ಬೇರೆ ದೋಣಿಯಾಗಲಿ, ಎಂಟು ದಿನಕ್ಕೊಮ್ಮೆ ಬರುವ ಹಡಗಾಗಲಿ ದಡ ಬಿಡುವಂತಿಲ್ಲ. ಹನ್ನೊಂದು ದ್ವೀಪಗಳ ಆ ಸಾಲಿನಲ್ಲಿ ಇದಕ್ಕಿಂತ ದೊಡ್ಡ ಕಾನೂನು ಇರಲಿಲ್ಲ.

ಅವಳು ಬಿಲ್ಲೆಯನ್ನು ಮರೆತಿದ್ದಳು, ಅಷ್ಟೆ. ನಲವತ್ತೊಂದು ವರ್ಷದಲ್ಲಿ ಮೊದಲ ಸಲ ಮೀನುಗಳ ನಡುವೆ ತೇಲಿ ಬಂದವಳಿಗೆ ಕೈಗೆ ಏನು ಕಟ್ಟಿದೆ ಎಂಬುದು ನೆನಪಿರಲಿಲ್ಲ.

ಕಣ್ಣು ಬಿಟ್ಟಾಗ ಎದುರಿಗೆ ದೋಣಿಯವನು ನಿಂತಿದ್ದ. ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ಉಪ್ಪುನೀರಿಗೆ ಕಣ್ಣು ಕೆಂಡವಾಗಿದ್ದವು. ಅವನ ಹಿಂದೆ ಅವಳ ತಮ್ಮ, ತಮ್ಮನ ಹೆಂಡತಿ. ಈಗ ಬೈಗುಳ ಬೀಳುತ್ತದೆ ಎಂದು ಅವಳು ಕಾದಳು. ಅವನು ಬಾಗಿ ಅವಳ ಮುಂಗೈಯ ದಾರ ಬಿಚ್ಚತೊಡಗಿದ. ಗಂಟು ಸಣ್ಣದು, ಅವನ ಬೆರಳು ನಡುಗುತ್ತಿದ್ದವು. ಬಹಳ ಹೊತ್ತು ಹಿಡಿಯಿತು.

“ಹದಿನೇಳು ಬಂತು,” ಎಂದು ದಡದ ಕಡೆಗೆ ಕೂಗಿ ಹೇಳಿ ಹೊರಟುಹೋದ.

ಬೈಯುವ ಕೆಲಸವನ್ನು ತಮ್ಮ ವಹಿಸಿಕೊಂಡ. ಮಕ್ಕಳನ್ನು ನೋಡಿಕೊಳ್ಳಲಿ ಎಂದು ಕರೆತಂದವಳೇ ಮಗುವಾದರೆ ಹೇಗೆ, ಈ ವಯಸ್ಸಿನಲ್ಲಿ ಇಂಥ ಚಪಲ ಬೇಕಿತ್ತೇ ಎಂದು ನಾಲ್ಕು ಜನರೆದುರು ನೀರಿಳಿಸಿದ. ತಮ್ಮನ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳು ಇಪ್ಪತ್ತೈದು ವರ್ಷದಿಂದ ಮೆಷಿನ್ನಿಗೆ ಹಿಡಿದು ಗಾಜು ಉಜ್ಜಿ ಪವರ್ ಕೂರಿಸುತ್ತಿದ್ದಳು. ಅರ್ಧ ಪಟ್ಟಣ ಅವಳು ಉಜ್ಜಿದ ಗಾಜಿನಿಂದಲೇ ಲೋಕ ನೋಡುತ್ತಿತ್ತು. ಆದರೆ ಕೌಂಟರಿನ ಕಡೆ ಬರಬೇಡ ಅಕ್ಕ, ಮೈಮೇಲೆಲ್ಲ ಪುಡಿ ಇರುತ್ತೆ ಎಂದು ತಮ್ಮ ಆಗಾಗ ನೆನಪಿಸುತ್ತಿದ್ದ.

ಮರುದಿನ ಬೆಳಿಗ್ಗೆ ಅವಳು ಕ್ಷಮೆ ಕೇಳಲು ಜೆಟ್ಟಿಗೆ ಹೋದಳು. ದೋಣಿಯವನು ಬಿಲ್ಲೆಗಳನ್ನು ಜೋಡಿಸುತ್ತಿದ್ದ. ಒಂದೊಂದನ್ನೂ ತೋಳುದ್ದ ದೂರ ಹಿಡಿದು ನೋಡುವುದು, ಕಾಣದಿದ್ದರೆ ಕೆತ್ತಿದ ನಂಬರನ್ನು ಹೆಬ್ಬೆರಳಿನಿಂದ ಸವರುವುದು. ಅವಳಿಗೆ ಕ್ಷಮೆ ಮರೆತೇಹೋಯಿತು.

“ನಿಮಗೆ ಚಾಳೀಸು ಬಂದಿದೆ,” ಎಂದಳು.

“ನನ್ನ ಕಣ್ಣು ಚೆನ್ನಾಗಿದೆ. ಆ ಕೊನೇ ದ್ವೀಪದ ತೆಂಗಿನ ಮರ ಎಣಿಸಿ ಹೇಳ್ಲಾ?”

“ದೂರದ್ದು ಎಲ್ಲಾರೂ ಎಣಿಸ್ತಾರೆ. ಹತ್ತಿರ ಇರೋದನ್ನ ಓದಿ, ನೋಡೋಣ.”

ಅವನು ಬಿಲ್ಲೆ ಬಿಟ್ಟು ಅವಳ ಮುಖ ನೋಡಿದ. ಹುಬ್ಬು ಗಂಟಿಕ್ಕಿ, ಅರ್ಧ ಹೆಜ್ಜೆ ಹಿಂದೆ ಸರಿದು ಮತ್ತೆ ನೋಡಿದ. “ಇಷ್ಟು ಹತ್ತಿರ ನಿಂತ್ರೆ ನೀವೂ ಮಸುಕಾಗ್ತೀರಿ,” ಎಂದು ಒಪ್ಪಿಕೊಂಡ.

ಅವಳು ನಕ್ಕು ತನ್ನದೇ ಓದುವ ಕನ್ನಡಕ ತೆಗೆದುಕೊಟ್ಟಳು. ಹೆಂಗಸರ ಫ್ರೇಮು, ಬಣ್ಣ ಕೆನ್ನೀಲಿ. ಅವನು ಸಂಕೋಚವಿಲ್ಲದೆ ಏರಿಸಿಕೊಂಡ. ಬಿಲ್ಲೆ ನೋಡಿದ, ಹಲಗೆಯ ಗೀರು ನೋಡಿದ, ತನ್ನ ಉಗುರು ನೋಡಿದ. ಆಮೇಲೆ ಅವಳನ್ನು ನೋಡಿದವನು ಅಲ್ಲೇ ನಿಂತುಬಿಟ್ಟ. ಸಾವಿರಾರು ಗಾಜು ಉಜ್ಜಿದವಳನ್ನು ಅವಳ ಗಾಜಿನೊಳಗಿಂದ ಯಾರೂ ಹೀಗೆ ನೋಡಿರಲಿಲ್ಲ. ಅವಳ ಕಿವಿ ಬಿಸಿಯಾದವು.

“ಏನು ಕಾಣ್ತು?”

“ಮೂಗಿನ ಪಕ್ಕ ಒಂದು ಮಚ್ಚೆ.” ಅವನು ಕನ್ನಡಕ ತೆಗೆಯಲಿಲ್ಲ. “ನಿನ್ನೆ ಅಷ್ಟು ಹುಡುಕಿದ್ದು ಯಾರನ್ನ ಅಂತ ಈಗ ಗೊತ್ತಾಯ್ತು.”

ಆಮೇಲೆ ಒಂಬತ್ತನೇ ಬಿಲ್ಲೆಯ ಕಥೆ ಹೇಳಿದ. ಒಬ್ಬ ಪ್ರವಾಸಿ ಅದನ್ನು ಜೇಬಿಗೆ ಹಾಕಿಕೊಂಡು ಯಾರದೋ ಸ್ವಂತ ದೋಣಿ ಹತ್ತಿ ಹೋಗಿಬಿಟ್ಟಿದ್ದನಂತೆ. ಇವರು ಮೂರು ದಿನ ಹೆಣಕ್ಕಾಗಿ ಹುಡುಕಿದರು. ತಿಂಗಳ ನಂತರ ಟಪಾಲಿನಲ್ಲಿ ಬಿಲ್ಲೆ ಬಂತು, ಜೊತೆಗೊಂದು ಧನ್ಯವಾದದ ಕಾಗದ. ಅಂದಿನಿಂದ ಮೊಳೆ ಖಾಲಿ ಕಂಡರೆ ತನ್ನ ಕೈ ತನ್ನ ಮಾತು ಕೇಳುವುದಿಲ್ಲ ಎಂದ.

ನಿಮ್ಮ ಕೈಯಲ್ಲೇಕೆ ಬಿಲ್ಲೆಯಿಲ್ಲ ಎಂದು ಅವಳು ಕೇಳಿದಳು.

“ಅದು ಅತಿಥಿಗಳಿಗೆ. ಊರಿನವರಿಗೆ ಯಾಕೆ? ನಾವು ಬರದಿದ್ರೆ ಮನೇಲಿ ಯಾರಿಗಾದ್ರೂ ಗೊತ್ತಾಗುತ್ತಲ್ಲ.”

ತಾನು ಮನೆಗೆ ಬಾರದಿದ್ದರೆ ಯಾರಿಗೆ ಏನು ಗೊತ್ತಾದೀತು ಎಂದು ಅವಳು ಅಂದೆಲ್ಲ ಯೋಚಿಸಿದಳು. ಗಾಜು ಉಜ್ಜುವ ಮೆಷಿನ್ನಿನ ಸದ್ದಿಲ್ಲ ಎಂಬುದಷ್ಟೇ. ಆ ಯೋಚನೆ ಅವಳನ್ನು ಅಳಿಸಲಿಲ್ಲ, ರೇಗಿಸಿತು.

ಕೆನ್ನೀಲಿ ಕನ್ನಡಕದ ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಮೂರನೇ ದಿನಕ್ಕೆ ಜೆಟ್ಟಿಯಲ್ಲಿ ಸಾಲು ನಿಂತಿತು. ಬಲೆ ಹೆಣೆಯುವ ಅಜ್ಜಿಗೆ ಸೂಜಿ ಕಾಣುತ್ತಿರಲಿಲ್ಲ, ಶಾಲೆಯ ಮೇಷ್ಟರ ಕನ್ನಡಕದ ಕಡ್ಡಿ ನಾಲ್ಕು ವರ್ಷದಿಂದ ದಾರದ ಮೇಲೆ ನಿಂತಿತ್ತು. ಅವಳು ಬ್ಯಾಗಿನಲ್ಲಿ ಸದಾ ಇರುವ ಇನ್ನೊಂದು ಕನ್ನಡಕ ಏರಿಸಿ, ಪುಟ್ಟ ಸ್ಕ್ರೂಡ್ರೈವರ್ ಹಿಡಿದು ಹಗಲೆಲ್ಲ ಕುಳಿತಳು, ಯಾರಿಗೆ ಯಾವ ಪವರ್ ಬೇಕೆಂದು ಬರೆದುಕೊಂಡಳು. ಹನ್ನೊಂದು ದ್ವೀಪಕ್ಕೂ ಒಂದೇ ಒಂದು ಕನ್ನಡಕದ ಅಂಗಡಿಯಿರಲಿಲ್ಲ. ದೋಣಿಯವನು ಅವಳನ್ನು ದ್ವೀಪದಿಂದ ದ್ವೀಪಕ್ಕೆ ಕರೆದೊಯ್ದ. ದಾರಿಯುದ್ದಕ್ಕೂ ‘ಹದಿನೇಳು’ ಎಂದೇ ಕರೆದ.

“ಹದಿನೇಳು ಅನ್ಬೇಡಿ. ನನಗೆ ನಲವತ್ತೊಂದು.”

“ನಿಮ್ಮ ಕನ್ನಡಕದಲ್ಲಿ ಹದಿನೇಳೇ ಕಾಣುತ್ತೆ. ಪವರ್ ತಪ್ಪಿರಬೇಕು.”

ಅವಳು ಮುಖ ತಿರುಗಿಸಿ ನೀರು ನೋಡಿದಳು, ನಗು ಅಡಗಲಿಲ್ಲ.

ತಮ್ಮನ ಹೆಂಡತಿ ಮೆತ್ತಗೆ ಎಚ್ಚರಿಸಿದಳು. “ಅಕ್ಕ, ಜನ ಆಡ್ಕೋತಾರೆ.”

“ಆಡ್ಕೊಳ್ಳಲಿ ಬಿಡು. ಇಷ್ಟು ವರ್ಷ ನನ್ನ ಬಗ್ಗೆ ಆಡ್ಕೊಳ್ಳೋಕೆ ಅವರಿಗೆ ಏನೂ ಸಿಕ್ಕಿರಲಿಲ್ಲ, ಪಾಪ.”

ಏಳನೇ ದಿನ ಅವನು ಮಾತೇ ಆಡಲಿಲ್ಲ. ದೋಣಿ ದಡ ಮುಟ್ಟುವ ಮೊದಲು ಅವಳೇ ಕೇಳಿದಳು, ನಾಳೆ ಹಡಗು ಬರುತ್ತದೆ, ಹೇಳುವುದು ಏನೂ ಇಲ್ಲವೇ ಎಂದು. ಇಲ್ಲೇ ಇರ್ತೀನಿ ಎಂದವರು ಹಿಂದೆ ಇಬ್ಬರಿದ್ದರು, ಸೈರನ್ ಕೇಳಿದ ಕೂಡಲೇ ಇಬ್ಬರೂ ಹಡಗು ಹತ್ತಿದರು ಎಂದು ಅವನು ಹೇಳಿದ.

“ಅದಕ್ಕೇ ನಾನು ಯಾರನ್ನೂ ಇರಿ ಅನ್ನಲ್ಲ. ಹಾಗನ್ನೋಕೆ ನನಗೇನು ಹಕ್ಕು?”

“ಕೇಳೋಕೆ ಹಕ್ಕು ಬೇಡ. ಬಾಯಿದ್ರೆ ಸಾಕು.”

ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. ಅವಳಿಗೆ ಅಪ್ಪಿಕೊಳ್ಳಬೇಕು ಎನಿಸಿತು, ಎರಡು ಬಾರಿಸಬೇಕು ಎಂದೂ ಎನಿಸಿತು. ಎರಡನ್ನೂ ಮಾಡದೆ ದೋಣಿಯಿಂದಿಳಿದು ನೇರ ತಮ್ಮನ ರೂಮಿಗೆ ಹೋಗಿ, ತಾನು ಬರುವುದಿಲ್ಲ ಎಂದು ಹೇಳಿದಳು.

ತಮ್ಮ ಕೇಳಿದ ಮೊದಲ ಪ್ರಶ್ನೆ, “ಮೆಷಿನ್ ಯಾರು ನಡೆಸ್ತಾರೆ?” ಬೇರೇನಾದರೂ ಕೇಳಿದ್ದರೆ ಅವಳ ಮನಸ್ಸು ಕರಗುತ್ತಿತ್ತೋ ಏನೋ.

“ನೀನು ಕಲಿ. ನಾನು ಹದಿನಾರಕ್ಕೇ ಕಲಿತೆ,” ಎಂದಳು.

ಬೆಳಗಾಗುವ ಹೊತ್ತಿಗೆ ಎಲ್ಲ ಸರಿಹೋಗುತ್ತದೆ ಎಂದು ತಮ್ಮ ಅವಳ ಬ್ಯಾಗನ್ನೂ ಜೆಟ್ಟಿಗೆ ಸಾಗಿಸಿದ. ಹಡಗು ಸೈರನ್ ಕೂಗಿತು. ಪ್ರವಾಸಿಗಳೆಲ್ಲ ಹತ್ತಿದರು, ತಮ್ಮ ಮಾತ್ರ ಬ್ಯಾಗಿನ ಬಳಿ ನಿಂತಿದ್ದ. ಆಗ ಅವಳು ಹಲಗೆಯಿಂದ ಹದಿನೇಳನೇ ಬಿಲ್ಲೆ ತೆಗೆದು ಮುಂಗೈಗೆ ಬಿಗಿಯಾಗಿ ಕಟ್ಟಿಕೊಂಡಳು, ಮೆಟ್ಟಿಲಿಳಿದು ಸೀರೆ ಸಮೇತ ಸೊಂಟದ ಮಟ್ಟ ನೀರಿನಲ್ಲಿ ನಿಂತಳು.

ಹಡಗಿನ ಕ್ಯಾಪ್ಟನ್ ಹಲಗೆ ನೋಡಿ ಎಂಜಿನ್ ನಿಲ್ಲಿಸಿದ. ಇನ್ನೂರು ಜನ ಕಟಕಟೆಗೆ ಬಾಗಿ ನೋಡಿದರು.

“ಅಕ್ಕ, ನಗೆಪಾಟಲು ಮಾಡ್ಬೇಡ. ಯಾರೋ ಒಬ್ಬ ಗಂಡಸಿಗೋಸ್ಕರ...” ಎಂದು ತಮ್ಮ ಕೂಗಿದ.

“ಅವರಿಗೋಸ್ಕರ ಇರ್ತಾ ಇಲ್ಲ,” ಅವಳು ದನಿಯೆತ್ತಿ ಹೇಳಿದಳು, ಇನ್ನೂರು ಜನಕ್ಕೂ ಕೇಳಲಿ ಎಂದೇ. “ಇಲ್ಲಿ ನನ್ನ ಕೆಲಸದ ಜೊತೆ ನನ್ನ ಮುಖಾನೂ ಜನಕ್ಕೆ ಕಾಣುತ್ತೆ. ಆದ್ರೆ ಜನ ಹಾಗಂತಾರೆ ಅಂತ ಹೆದರಿ ಹೊರಡೋದೂ ಇಲ್ಲ. ಅವರು ನನಗೆ ಇಷ್ಟ. ಸಾಕಾ?”

ದೋಣಿಯವನು ಹಲಗೆಯ ಪಕ್ಕದಿಂದ ಇಳಿದು ಬಂದ. ಮೂಗಿನ ಮೇಲೆ ಕೆನ್ನೀಲಿ ಕನ್ನಡಕವಿತ್ತು. ಅವಳ ಮುಂಗೈ ಹಿಡಿದು ಗಂಟು ನೋಡಿ, ಒಂದೇ ಎಳೆತಕ್ಕೆ ಬಿಚ್ಚಿದ. ಮೆಟ್ಟಿಲು ಹತ್ತಿ ಬಿಲ್ಲೆಯನ್ನು ಅದರ ಮೊಳೆಗೆ ತೂಗುಹಾಕಿದ.

ಅವಳು ತನ್ನ ಖಾಲಿ ಮುಂಗೈ ನೋಡಿಕೊಂಡಳು. ತಮ್ಮ ನಿಟ್ಟುಸಿರುಬಿಟ್ಟು ಬ್ಯಾಗು ಎತ್ತಿಕೊಂಡ.

“ಅತಿಥಿಗಳೆಲ್ಲ ಬಂದಾಯ್ತು,” ದೋಣಿಯವನು ಕ್ಯಾಪ್ಟನ್ನಿಗೆ ಕೂಗಿ ಹೇಳಿದ. “ಹೊರಡಿ.”

“ನಮ್ಮಕ್ಕ ಇನ್ನೂ ನೀರಲ್ಲಿದ್ದಾಳಲ್ಲ,” ಎಂದ ತಮ್ಮ.

“ಊರಿನವರಿಗೆ ಬಿಲ್ಲೆ ಇಲ್ಲ.”

ತಮ್ಮ ಅಕ್ಕನ ಕಡೆ ನೋಡಿದ. ಕಣ್ಣು ತುಂಬಿಕೊಂಡು ಬ್ಯಾಗನ್ನು ಜೆಟ್ಟಿಯ ಮೇಲಿಟ್ಟು, ಹಡಗು ಹತ್ತಿದ. ಮಕ್ಕಳು ಕಟಕಟೆಯಿಂದ ಕೈಬೀಸಿದರು, ಅವಳೂ ಬೀಸಿದಳು.

ದೋಣಿಯವನು ಮತ್ತೆ ನೀರಿಗಿಳಿದು ಬಂದು ಅವಳೆದುರು ನಿಂತ. ಈ ಸಲ ಹಿಂದೆ ಸರಿಯಲಿಲ್ಲ.

“ನೀನು ಬರದಿದ್ರೆ,” ಎಂದ, “ನನಗೆ ಗೊತ್ತಾಗುತ್ತೆ.”